ಬೌರಿಂಗ್‌ಪೇಟೆಯ ಬೌರಿಂಗ್: ಒಂದು ಆಡಳಿತಜೀವನದ ಮರುಪರಿಶೀಲನೆ

ಕೋಲಾರ ಜಿಲ್ಲೆಯ ಬಂಗಾರಪೇಟೆಗೆ ಆ ಹೆಸರು ಚಿನ್ನದ ಗಣಿಗಳಿಂದ ಬಂದಿತೆಂದು ಭಾವಿಸುವುದು ಸಹಜವಾಗಿದೆ. ಊರಿನ ರೈಲು ನಿಲ್ದಾಣದಿಂದ ಕವಲೊಡೆದ ಹತ್ತು ಮೈಲಿಯ ಮಾರ್ಗವು ಕೋಲಾರ ಚಿನ್ನದ ಗಣಿ ಪ್ರದೇಶವನ್ನು ಹಾದು ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಇಷ್ಟು ಸಮೀಪದಲ್ಲಿ ಬಂಗಾರವಿರುವಾಗ ಹೆಸರಿನ ಮೂಲವನ್ನು ಬೇರೆಡೆ ಹುಡುಕಬೇಕೆಂದು ಯಾರಿಗೂ ತೋರದು. ಆದರೆ ಕಾಲಾನುಕ್ರಮವು ಈ ವಿವರಣೆಗೆ ಒಪ್ಪುವುದಿಲ್ಲ. ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಗೆ ರೈಲು ಸಂಚಾರ ಆರಂಭವಾದುದು 1864ರಲ್ಲಿ. ಆ ಹಾದಿಯ ನಿಲ್ದಾಣವೊಂದರ ಸುತ್ತ ಬೆಳೆದ ಪೇಟೆಗೆ ಅಂದಿನ ಮೈಸೂರು ಕಮಿಷನರ್ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರನ್ನಿಟ್ಟು ಬೌರಿಂಗ್‌ಪೇಟೆ ಎಂದು ಕರೆಯಲಾಯಿತು. ಗಣಿಗಾರಿಕೆಯ ಗುತ್ತಿಗೆ ದೊರೆತುದು ಅದಾದ ಹನ್ನೊಂದು ವರ್ಷಗಳ ಅನಂತರ. ಇಪ್ಪತ್ತನೆಯ ಶತಮಾನದಲ್ಲಿ ಬೌರಿಂಗ್ ಎಂಬ ವ್ಯಕ್ತಿನಾಮದ ಸ್ಥಾನಕ್ಕೆ, ಧ್ವನಿಯಲ್ಲಿ ಅದನ್ನೇ ಹೋಲುವ ಬಂಗಾರ ಎಂಬ ವಸ್ತುನಾಮವು ಬಂದು ಕುಳಿತಿತು. ವಸಾಹತು ಕಾಲದ ಹೆಸರೊಂದನ್ನು ಕನ್ನಡವು ಇಷ್ಟು ಸಲೀಸಾಗಿ ಜೀರ್ಣಿಸಿಕೊಂಡ ನಿದರ್ಶನಗಳು ವಿರಳ.

ಹೆಸರು ಅಳಿದುದರಿಂದ ವ್ಯಕ್ತಿಯೂ ಮರೆಯಾದರು. ಮಾರ್ಕ್ ಕಬ್ಬನ್ ಅವರ ಬಗೆಗೆ ನಮ್ಮಲ್ಲಿ ಐತಿಹ್ಯಗಳೇ ಇವೆ. ಬೌರಿಂಗ್ ಎಂದೊಡನೆ ನೆನಪಾಗುವುದು ಬೆಂಗಳೂರಿನ ಒಂದು ಆಸ್ಪತ್ರೆ ಮತ್ತು ಒಂದು ಕ್ಲಬ್ಬು ಮಾತ್ರ. ಆದರೆ ಕೋಲಾರವನ್ನು ಒಂದು ಜಿಲ್ಲೆಯಾಗಿ ನಾವು ಇಂದು ಗುರುತಿಸುವ ಆಡಳಿತದ ಚೌಕಟ್ಟು ರೂಪುಗೊಂಡುದು ಕಬ್ಬನ್ ಅವರ ಕಾಲದಲ್ಲಲ್ಲ, ಬೌರಿಂಗ್ ಅವರ ಕಾಲದಲ್ಲಿ. ಪ್ರಸ್ತುತ ಲೇಖನವು ಅವರ ಬದುಕನ್ನು ಈ ದೃಷ್ಟಿಯಿಂದ ನೋಡುವ ಒಂದು ಪ್ರಯತ್ನ.

ಬೌರಿಂಗ್ ಜನಿಸಿದುದು 1824ರಲ್ಲಿ. ಲೆವಿನ್ ಎಂಬುದು ತಾಯಿಯ ತವರಿನ ಹೆಸರು. ಬೆಂಥಮ್ ಎಂಬುದು ಉಪಯುಕ್ತತಾವಾದದ ದಾರ್ಶನಿಕ ಜೆರೆಮಿ ಬೆಂಥಮ್ ಅವರ ಗೌರವಾರ್ಥ. ತಂದೆ ಸರ್ ಜಾನ್ ಬೌರಿಂಗ್ ಆ ದಾರ್ಶನಿಕನ ಆಪ್ತ ಶಿಷ್ಯರು, ಅವರ ಕೃತಿಗಳ ಸಂಪಾದಕರು. ರಷ್ಯನ್, ಸರ್ಬಿಯನ್, ಪೋಲಿಷ್, ಹಂಗೇರಿಯನ್ ಭಾಷೆಗಳ ಕಾವ್ಯವನ್ನು ಇಂಗ್ಲಿಷಿಗೆ ತಂದ ಬಹುಭಾಷಾ ಪಂಡಿತರು. ಅಂತಹವರು 1854ರಿಂದ 1859ರವರೆಗೆ ಹಾಂಗ್‌ಕಾಂಗ್ ವಸಾಹತಿನ ಗವರ್ನರ್ ಆಗಿದ್ದರು. 1856ರಲ್ಲಿ ಆರೋ ಎಂಬ ಹಡಗಿನ ನೆಪದಿಂದ ಚೀನಾದೊಡನೆ ಎರಡನೆಯ ಅಫೀಮು ಯುದ್ಧಕ್ಕೆ ಅವರು ಕಾರಣರಾದರು. 1857ರಲ್ಲಿ ಹಾಂಗ್‌ಕಾಂಗ್‌ನ ರೊಟ್ಟಿ ಅಂಗಡಿಯೊಂದರ ಬ್ರೆಡ್ಡಿನಲ್ಲಿ ವಿಷ ಬೆರೆತ ಪ್ರಕರಣದಲ್ಲಿ ಅವರ ಪತ್ನಿಯೂ ಅಸ್ವಸ್ಥರಾಗಿ ಮರುವರ್ಷ ತೀರಿಕೊಂಡರು. ತಂದೆಯ ಗವರ್ನರ್‌ಗಿರಿಯು ಅಧೀನ ಅಧಿಕಾರಿಗಳೊಡನೆಯ ಜಗಳಗಳಲ್ಲಿಯೂ ಪರಸ್ಪರ ಆಪಾದನೆಗಳಲ್ಲಿಯೂ ಸವೆದುಹೋಯಿತು. ಅಲ್ಲಿಯೂ ಒಂದು ಬಡಾವಣೆಗೆ ಬೌರಿಂಗ್‌ಟನ್ ಎಂದು ಹೆಸರಾಯಿತು. ಒಂದೇ ಮನೆತನದ ಹೆಸರು ದಕ್ಷಿಣ ಚೀನಾದ ಕಡಲತೀರದಲ್ಲೊಮ್ಮೆ, ಕೋಲಾರದ ಬಯಲಿನಲ್ಲೊಮ್ಮೆ ನೆಲಕ್ಕೆ ಅಂಟಿಕೊಂಡಿತು. ಗವರ್ನರೂ ಅವರ ಉಪಾಧಿಕಾರಿಗಳೂ ಹೊಂದಿಕೊಳ್ಳದಿದ್ದರೆ ಆಡಳಿತವು ಏನಾಗುತ್ತದೆಂಬುದಕ್ಕೆ ಮಗನಿಗೆ ಉದಾಹರಣೆ ಮನೆಯಲ್ಲಿಯೇ ಇದ್ದಿತು. ತಂದೆಯ ಅನುಭವವು ಮಗನ ನಿರ್ಧಾರಗಳನ್ನು ರೂಪಿಸಿತೆಂದು ಹೇಳುವುದು ಊಹೆಯಾದೀತು. ಆದರೆ ಈ ಹೋಲಿಕೆಯನ್ನು ಬದಿಗಿಡುವುದೂ ಕಷ್ಟ.

ಎಕ್ಸೆಟರ್, ಲೈಪ್ಜಿಗ್ ಹಾಗೂ ಹೇಲಿಬರಿಗಳಲ್ಲಿ ಶಿಕ್ಷಣ ಪಡೆದ ಲೆವಿನ್ ಬೌರಿಂಗ್ 1843ರಲ್ಲಿ ಬಂಗಾಳ ಸಿವಿಲ್ ಸರ್ವಿಸ್ ಸೇರಿದರು. 1847ರಲ್ಲಿ ಲಾಹೋರಿನಲ್ಲಿ ರೆಸಿಡೆಂಟರ ಸಹಾಯಕರಾದರು. ಪಂಜಾಬು ಕಂಪನಿಯ ವಶವಾದ ಬಳಿಕ ಅಲ್ಲಿಯ ಆಡಳಿತದಲ್ಲಿಯೇ ಮುಂದುವರಿದರು. 1858ರಿಂದ 1862ರವರೆಗೆ ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ಅವರ ಖಾಸಗಿ ಕಾರ್ಯದರ್ಶಿ. ಈ ಹಂತದ ವಿವರಗಳು ನಮಗೆ ಮುಖ್ಯವಲ್ಲ. ಪಂಜಾಬಿನಲ್ಲಿ ಜಿಲ್ಲೆಗೊಬ್ಬ ಡೆಪ್ಯುಟಿ ಕಮಿಷನರ್, ಅವರ ಮೇಲೆ ವಿಭಾಗಕ್ಕೊಬ್ಬ ಕಮಿಷನರ್ ಎಂಬ ಶ್ರೇಣಿಯನ್ನು ಅವರು ಒಳಗಿನಿಂದ ಕಂಡಿದ್ದರೆಂಬುದಷ್ಟೇ ಮುಖ್ಯ.

ಅವರು ಬರುವ ವೇಳೆಗೆ ಮೈಸೂರು ಮೂರು ದಶಕಗಳಿಂದ ಬ್ರಿಟಿಷ್ ಕಮಿಷನ್ನಿನ ಕೈಯಲ್ಲಿತ್ತು. ನಗರದ ರೈತದಂಗೆಯ ಹಿನ್ನೆಲೆಯಲ್ಲಿ 1831ರಲ್ಲಿ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡಿದ್ದರು. 1834ರಿಂದ 1861ರವರೆಗೆ ಕಬ್ಬನ್ ಒಬ್ಬರೇ ಕಮಿಷನರ್. ರಾಜ್ಯವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಬ್ಬ ಯೂರೋಪಿಯನ್ ಸೂಪರಿಂಟೆಂಡೆಂಟರನ್ನಿಟ್ಟು, ಕೆಳಗೆ ಅಮಲ್ದಾರ ಶೇಕದಾರರ ಹಳೆಯ ಏರ್ಪಾಡನ್ನೇ ಮುಂದುವರಿಸಿದ್ದರು. ಎಲ್ಲ ಎಳೆಗಳೂ ಕಮಿಷನರರ ಕೈಗೇ ಬಂದು ಸೇರುತ್ತಿದ್ದವು. ಇದರಲ್ಲಿ ಸಮೀಪತೆಯ ಗುಣವಿತ್ತು, ಖರ್ಚೂ ಕಡಮೆ. ಆದರೆ ವ್ಯಕ್ತಿಯೊಬ್ಬನ ಆಯಸ್ಸಿನಷ್ಟೇ ಅದರ ಆಯಸ್ಸು. ಕಬ್ಬನ್ ಸ್ವದೇಶಕ್ಕೆ ಹೊರಟು 1861ರ ಏಪ್ರಿಲ್‌ನಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡಾಗ ಆ ವ್ಯವಸ್ಥೆಯೂ ಮುಗಿಯಿತು. ಸಿ. ಬಿ. ಸಾಂಡರ್ಸ್ ಅವರ ತಾತ್ಕಾಲಿಕ ಆಡಳಿತದ ತರುವಾಯ 1862ರಲ್ಲಿ ಬೌರಿಂಗ್ ಅಧಿಕಾರ ವಹಿಸಿಕೊಂಡರು.

ಅವರು ಕೈಗೊಂಡ ಮೊದಲ ದೊಡ್ಡ ಕಾರ್ಯವೆಂದರೆ ಪುನರ್ವಿಂಗಡಣೆ. ನಾಲ್ಕು ವಿಭಾಗಗಳ ಜಾಗದಲ್ಲಿ ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳಾದವು. ಅವುಗಳಡಿ ಎಂಟು ಜಿಲ್ಲೆಗಳು. ಬೆಂಗಳೂರು, ಕೋಲಾರ, ತುಮಕೂರು ನಂದಿದುರ್ಗಕ್ಕೆ. ಮೈಸೂರು, ಹಾಸನ ಅಷ್ಟಗ್ರಾಮಕ್ಕೆ. ಶಿವಮೊಗ್ಗ, ಕಡೂರು, ಚಿತ್ರದುರ್ಗ ನಗರಕ್ಕೆ ಸೇರಿದವು. ಜಿಲ್ಲೆಯ ಮೇಲಧಿಕಾರಿಯು ಡೆಪ್ಯುಟಿ ಸೂಪರಿಂಟೆಂಡೆಂಟ್. ಮುಂದೆ ಈ ಹುದ್ದೆಯೇ ಡೆಪ್ಯುಟಿ ಕಮಿಷನರ್ ಎನಿಸಿತು, ಬೌರಿಂಗ್ ಅವರೂ ಚೀಫ್ ಕಮಿಷನರ್ ಎನಿಸಿದರು. ಕನ್ನಡ ನಾಡಿನ ಆಡಳಿತ ಪರಿಭಾಷೆಯಲ್ಲಿ ಡೆಪ್ಯುಟಿ ಎಂಬ ಶಬ್ದಕ್ಕೆ ಬಂದ ಮಹತ್ವವು ಇಲ್ಲಿಂದ ಆರಂಭವಾಗುತ್ತದೆ. ಶಬ್ದಾರ್ಥದಲ್ಲಿ ಅದು ಬದಲಿಗೆ ನಿಂತವನು ಎಂದಷ್ಟೇ ಹೇಳುತ್ತದೆ. ಜನರ ಪಾಲಿಗೆ ಮಾತ್ರ ಆ ಬದಲಿಯೇ ಸರ್ಕಾರ. ಇಂದಿಗೂ ಹಳ್ಳಿಗರು ಡಿ.ಸಿ. ಸಾಹೇಬರೆಂದು ಹೇಳುವಾಗ ಈ ಅರ್ಥವಿಪರ್ಯಾಸವು ಉಳಿದೇ ಇದೆ.

ಈ ಏರ್ಪಾಡಿನ ಸುತ್ತ ಇಲಾಖೆಗಳು ಬೆಳೆದವು. 1863ರಲ್ಲಿ ಮುಂಬಯಿ ಮಾದರಿಯ ಭೂಮಾಪನ ಮತ್ತು ಕಂದಾಯ ನಿಗದಿಯು ಚಿತ್ರದುರ್ಗದ ಕಡೆಯಿಂದ ಆರಂಭವಾಯಿತು. ಜಮೀನನ್ನು ಅಳೆದು, ಮಣ್ಣಿನ ಗುಣವನ್ನು ವರ್ಗೀಕರಿಸಿ, ಮೂವತ್ತು ವರ್ಷಗಳ ಅವಧಿಗೆ ಕಂದಾಯವನ್ನು ಗೊತ್ತುಪಡಿಸುವ ಈ ಕ್ರಮವು ರೈತನನ್ನು ಅಮಲ್ದಾರನ ಅಂದಾಜಿನಿಂದ ಬಿಡಿಸಿತು. ಅದೇ ಕಾಲಕ್ಕೆ ಅವನನ್ನು ದಾಖಲೆಯ ಸಂಖ್ಯೆಯೊಂದಕ್ಕೆ ಕಟ್ಟಿಹಾಕಿತು. 1864ರಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. 1868ರಲ್ಲಿ ಬಿ. ಎಲ್. ರೈಸ್ ಅವರು ಸೂಚಿಸಿದ ಹೋಬಳಿ ಶಾಲೆಗಳ ಯೋಜನೆಯು ಗ್ರಾಮಾಂತರದ ಕನ್ನಡ ಶಿಕ್ಷಣಕ್ಕೆ ತಳಹದಿಯಾಯಿತು. ಕಚೇರಿಗಳಿಗೆ ಕೋಟೆಯೊಳಗಿನ ಟಿಪ್ಪುವಿನ ಅರಮನೆ ಸಾಲದೆ ಹೋಗಿ, 1864ರಿಂದ 1868ರ ಅವಧಿಯಲ್ಲಿ ಅಠಾರ ಕಚೇರಿಯ ಕೆಂಪು ಕಟ್ಟಡವು ಎದ್ದಿತು. ಹದಿನೆಂಟು ಇಲಾಖೆಗಳೆಂಬ ಅರ್ಥದ ಆ ಹೆಸರೇ ಹೊಸ ಆಡಳಿತದ ಸ್ವರೂಪವನ್ನು ಹೇಳುತ್ತದೆ. ಕಬ್ಬನ್ ತಮಗಾಗಿ ಕಟ್ಟಿಸಿದ್ದ ಮನೆಯನ್ನು ಸರ್ಕಾರದ ಹಣದಿಂದ ಕೊಂಡು ಕಮಿಷನರರ ನಿವಾಸವಾಗಿಸಿದುದೂ ಬೌರಿಂಗ್ ಅವರ ಕಾಲದಲ್ಲಿಯೇ. ವ್ಯಕ್ತಿಯ ಮನೆ ಹುದ್ದೆಯ ಮನೆಯಾಯಿತು. ಇಂದು ಅದೇ ರಾಜಭವನ.

ರೈಲುಮಾರ್ಗದ ವಿಷಯದಲ್ಲಿ ಮಾತ್ರ ಅವರಿಗೆ ಹೆಚ್ಚಿನ ಶ್ರೇಯಸ್ಸನ್ನು ನೀಡಲಾಗದು. ಅದು ಮದರಾಸು ರೈಲ್ವೆ ಕಂಪನಿಯ ಕೆಲಸ. ಪೇಟೆಗೆ ಅವರ ಹೆಸರು ಬಂದುದು ಅಂದಿನ ಅಧಿಕಾರಿವಲಯದ ಶಿಷ್ಟಾಚಾರದಿಂದ. ಆ ಮಾರ್ಗದ ಪರಿಣಾಮವು ಕಡಮೆಯದಲ್ಲ. ಮದರಾಸಿನ ಹಳೆಯ ಹೆದ್ದಾರಿಯಲ್ಲಿದ್ದ ಪ್ರಾಚೀನ ಊರು ಬೇತಮಂಗಲವು ಹಿಂದೆ ಸರಿಯಿತು. ತಾಲ್ಲೂಕಿನ ಕೇಂದ್ರವು ಬೌರಿಂಗ್‌ಪೇಟೆಗೆ ಬಂದಿತು. ಶಾಸನಗಳನ್ನೂ ಕೆರೆಯನ್ನೂ ಉಳ್ಳ ಊರು ಬಡವಾಗಿ, ಶಾಸನವಿಲ್ಲದ ಊರು ಬೆಳೆಯಿತು.

ಬೌರಿಂಗ್ ಅವರ ವ್ಯವಸ್ಥೆಯನ್ನು ಕೇವಲ ಸುಧಾರಣೆಯೆಂದು ಬಣ್ಣಿಸುವ ಬರೆಹಗಳನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಉಪಾಧಿಕಾರಿಗಳ ಸಂಖ್ಯೆ ಹೆಚ್ಚಿದಂತೆ ಯೂರೋಪಿಯನ್ನರ ಸಂಬಳದ ಹೊರೆಯೂ ಹೆಚ್ಚಿತು. ಮೇಲಿನ ಹುದ್ದೆಗಳು ದೇಶೀಯರ ಕೈಗೆ ಎಟುಕಲಿಲ್ಲ. ಅತ್ತ ಮೈಸೂರಿನ ಅರಮನೆಯಲ್ಲಿ ವೃದ್ಧ ಮಹಾರಾಜರು ರಾಜ್ಯವನ್ನು ಹಿಂದಿರುಗಿಸಬೇಕೆಂದು ಮನವಿಯ ಮೇಲೆ ಮನವಿಯನ್ನು ಕಳುಹಿಸುತ್ತಿದ್ದರು. 1865ರಲ್ಲಿ ಅವರು ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಕಲ್ಕತ್ತೆ ಒಪ್ಪಲಿಲ್ಲ, ಇಂಗ್ಲೆಂಡಿನಲ್ಲಿ ಮಹಾರಾಜರ ಪರ ದನಿಗಳೆದ್ದ ಮೇಲೆ 1867ರಲ್ಲಿ ದತ್ತಕಕ್ಕೆ ಮಾನ್ಯತೆ ದೊರೆಯಿತು. 1868ರ ಮಾರ್ಚ್‌ನಲ್ಲಿ ಮಹಾರಾಜರು ನಿಧನರಾದರು. ಅದೇ ಸೆಪ್ಟೆಂಬರ್‌ನಲ್ಲಿ ಐದು ವರ್ಷದ ಬಾಲಕ ಸಿಂಹಾಸನವೇರಿದಾಗ ಬೌರಿಂಗ್ ಅವರ ಸ್ಥಾನವೇ ಬದಲಾಗಿದ್ದಿತು. ಅದುವರೆಗೆ ವಶಪಡಿಸಿಕೊಂಡ ರಾಜ್ಯದ ಆಡಳಿತಗಾರರಾಗಿದ್ದವರು ಈಗ ಅಪ್ರಾಪ್ತವಯಸ್ಕನ ಪರವಾಗಿ ಆಳುವ ಪಾರುಪತ್ಯಗಾರರಾದರು. ತಮ್ಮ ಕೈಕೆಳಗಿನವರಂತೆ ತಾವೂ ಇನ್ನೊಬ್ಬರ ಬದಲಿಗೆ ನಿಂತವರು.

1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿದಾಗ ದಿವಾನ್ ರಂಗಾಚಾರ್ಲು ಅವರ ಕೈಗೆ ಬಂದುದು ಈ ಯಂತ್ರವೇ. ಜಿಲ್ಲೆ, ತಾಲ್ಲೂಕು, ಇಲಾಖೆ, ದಾಖಲೆಗಳೆಲ್ಲ ಇದ್ದುದರಿಂದ ಮೇಲಿನ ವ್ಯಕ್ತಿಯನ್ನು ಬದಲಿಸುವುದು ಸಾಧ್ಯವಾಯಿತು. ಕಬ್ಬನ್ ಅವರ ಮಾದರಿಯೇ ಉಳಿದಿದ್ದರೆ ಈ ಹಸ್ತಾಂತರ ಇಷ್ಟು ಸುಗಮವಾಗುತ್ತಿತ್ತೆಂದು ನನಗೆ ತೋರುವುದಿಲ್ಲ. ಆದರೆ ಯಂತ್ರದ ಮಿತಿಯೂ ಅಷ್ಟೇ ಸ್ಪಷ್ಟ. ಬೌರಿಂಗ್ ತೆರಳಿದ ಆರೇ ವರ್ಷಕ್ಕೆ ಬಂದ 1876–78ರ ಮಹಾಕ್ಷಾಮದಲ್ಲಿ ಅದು ಜನರನ್ನು ಉಳಿಸಲಾರದೆ ಹೋಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಕೋಲಾರ ಸೀಮೆ ತೀವ್ರವಾಗಿ ನೊಂದ ಪ್ರದೇಶಗಳಲ್ಲೊಂದು.

ಕನ್ನಡ ಸಂಶೋಧಕರು ಬೌರಿಂಗ್ ಅವರನ್ನು ನೆನೆಯಬೇಕಾದ ಕಾರಣ ಇನ್ನೊಂದಿದೆ; ಅದು ಆಡಳಿತ ಚರಿತ್ರೆಗಳಲ್ಲಿ ಅಡಿಟಿಪ್ಪಣಿಗೂ ಬಾರದ ಸಂಗತಿ. ಅವರ ಕಾಲದಲ್ಲಿ, 1865ರಲ್ಲಿ, ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯಿಂದ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ಸರ್ಕಾರಕ್ಕಾಗಿ ತೆಗೆಸಲಾಯಿತು. ಅವುಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರ ಪಾಲಿಗೆ ಬಂದಿತು. ಆ ಶ್ರಮದ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳ ಇಂಗ್ಲಿಷ್ ಅನುವಾದ ಸಂಪುಟ ಹೊರಬಂದಿತು. ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು 1886ರಿಂದ ಪ್ರಕಟವಾಗತೊಡಗಿದವು. ಕೋಲಾರ ಜಿಲ್ಲೆಯ ಹತ್ತನೆಯ ಸಂಪುಟ ಬಂದುದು 1905ರಲ್ಲಿ. ಆ ಸಂಪುಟಗಳನ್ನು ಜಿಲ್ಲಾವಾರು, ತಾಲ್ಲೂಕುವಾರು ಜೋಡಿಸಲಾಗಿದೆಯೆಂಬುದನ್ನು ಗಮನಿಸಬೇಕು. ಶಾಸನವೊಂದನ್ನು ನಾವು ಊರು, ತಾಲ್ಲೂಕು, ಸಂಖ್ಯೆಗಳಿಂದ ಗುರುತಿಸುವಾಗ ಕಂದಾಯ ಆಡಳಿತದ ಆ ಚೌಕಟ್ಟನ್ನೇ ಅರಿವಿಲ್ಲದೆ ಬಳಸುತ್ತಿರುತ್ತೇವೆ. ಗಂಗರ, ನೊಳಂಬರ, ಚೋಳರ ನಾಡುಗಳನ್ನು ಡೆಪ್ಯುಟಿ ಕಮಿಷನರರ ಗಡಿಗಳೊಳಗೆ ಓದುವುದರಿಂದ ಉಂಟಾದ ತೊಡಕುಗಳು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾಗಿವೆ.

1870ರಲ್ಲಿ ಬೌರಿಂಗ್ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು; ರಿಚರ್ಡ್ ಮೀಡ್ ಅವರ ಸ್ಥಾನಕ್ಕೆ ಬಂದರು. ಮರುವರ್ಷವೇ, 1871ರಲ್ಲಿ, ತಮ್ಮ ಪಂಜಾಬ್, ಮೈಸೂರು ಹಾಗೂ ಕೊಡಗಿನ ಅನುಭವಗಳನ್ನು ಈಸ್ಟರ್ನ್ ಎಕ್ಸ್‌ಪೀರಿಯೆನ್ಸಸ್ ಎಂಬ ಗ್ರಂಥವಾಗಿ ಪ್ರಕಟಿಸಿದರು. ಅದೇ ವರ್ಷ ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕ ಕೋಲಾರದ ಕಡೆ ಚಿನ್ನವನ್ನು ಅರಸುತ್ತ ಹೊರಟಿದ್ದ. ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುವಾಗ ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಮಾಡಿದ್ದರು. ಆ ಹಳೆಯ ವರದಿಯೇ ಲವೆಲ್‌ಗೆ ಆಧಾರ. ವಾರನ್ನರ ವರದಿಗೂ ಲವೆಲ್‌ನ ಶೋಧಕ್ಕೂ ನಡುವಿನ ಏಳು ದಶಕಗಳಲ್ಲಿ ಕಬ್ಬನ್ ಅವರ ಇಪ್ಪತ್ತೇಳು ವರ್ಷಗಳೂ ಬೌರಿಂಗ್ ಅವರ ಎಂಟು ವರ್ಷಗಳೂ ಸೇರಿವೆ. ಮಣ್ಣನ್ನು ವರ್ಗೀಕರಿಸಿದ ಆಡಳಿತಕ್ಕೆ ಆ ಮಣ್ಣಿನಡಿ ಏನಿತ್ತೆಂಬುದು ತಿಳಿಯಲಿಲ್ಲ. ತಿಳಿದಿದ್ದವರು ಮರಿಗೆಯಲ್ಲಿ ಮಣ್ಣು ತೊಳೆಯುತ್ತಿದ್ದವರು. 1875ರಲ್ಲಿ ಲವೆಲ್‌ಗೆ ಗುತ್ತಿಗೆ ದೊರೆಯಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ಶಾಖಾಮಾರ್ಗ ತೆರೆಯಿತು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆಯೂ ಆ ಹಳಿಯ ಮೇಲೆ ರೈಲುಗಳು ನಿಲ್ಲಲಿಲ್ಲ. ದುಡಿಮೆಗಾಗಿ ಬೆಂಗಳೂರಿಗೆ ಹೋಗಿಬರುವವರಿಂದ ಅವು ತುಂಬತೊಡಗಿದವು.

ನಿವೃತ್ತಿಯ ದೀರ್ಘ ವರ್ಷಗಳಲ್ಲಿ ಬೌರಿಂಗ್ ಮೈಸೂರನ್ನು ಮರೆತಿರಲಿಲ್ಲ. 1893ರಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕುರಿತ ಅವರ ಗ್ರಂಥವು ರೂಲರ್ಸ್ ಆಫ್ ಇಂಡಿಯಾ ಮಾಲೆಯಲ್ಲಿ ಹೊರಬಂದಿತು. ವಿಜೇತರ ದೃಷ್ಟಿಯಿಂದ ರಚಿತವಾದ ಕೃತಿಯಾದುದರಿಂದ ಟಿಪ್ಪುವಿನ ಚಿತ್ರಣದಲ್ಲಿ ಆ ಕಾಲದ ಪೂರ್ವಗ್ರಹಗಳು ದಟ್ಟವಾಗಿವೆ; ಹೈದರನ ಆಡಳಿತ ಚಾತುರ್ಯದ ಬಗೆಗೆ ಮಾತ್ರ ಲೇಖಕರಿಗೆ ಮೆಚ್ಚುಗೆಯಿದೆ. ಹೈದರನ ಜನ್ಮಸ್ಥಳವೆಂದು ಪ್ರಸಿದ್ಧವಾದ ಬೂದಿಕೋಟೆಯು ಬೌರಿಂಗ್‌ಪೇಟೆಯ ತಾಲ್ಲೂಕಿನಲ್ಲಿಯೇ ಇದೆ. ತಮ್ಮ ಹೆಸರನ್ನು ಹೊತ್ತ ತಾಲ್ಲೂಕಿನಲ್ಲಿ ಹುಟ್ಟಿದವನ ಚರಿತ್ರೆಯನ್ನು ಬರೆದ ಬೌರಿಂಗ್ 1910ರಲ್ಲಿ, ಇಂಗ್ಲೆಂಡಿನ ಕಡಲತೀರದ ಟಾರ್ಕಿಯಲ್ಲಿ ತೀರಿಕೊಂಡರು. ಆ ವೇಳೆಗೆ ಬೌರಿಂಗ್‌ಪೇಟೆಯು ಚಿನ್ನದ ಗಣಿಗಳ ಹೆಬ್ಬಾಗಿಲಾಗಿ ಬೆಳೆದಿತ್ತು.