ಚೌಕಾಬಾರದ ಪಾಠಕ್ಕೆ ಮುಮ್ಮಡಿಯವರು

ಗೋಪಾಳದ ಶಾಲೆಯಲ್ಲಿ ಐದನೇ ತರಗತಿಗೆ ಚೌಕಾಬಾರ ಕಲಿಸುವ ಮುನ್ನ ನಾನು ಮುಮ್ಮಡಿ ಕೃಷ್ಣರಾಜ ಒಡೆಯರ ಬದುಕನ್ನು ಹೇಳಿದೆ. 1794ರಲ್ಲಿ ಹುಟ್ಟಿದವರು, ಟಿಪ್ಪು ಮಡಿದ ಮೇಲೆ, 1799ರಲ್ಲಿ, ಐದು ತುಂಬುವ ಮೊದಲೇ ಪಟ್ಟವೇರಿದರು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ದೊಡ್ಡವರಾಗಿ ತಾವೇ ಆಳತೊಡಗಿದರು. ಆಮೇಲೆ ನಮ್ಮದೇ ಜಿಲ್ಲೆಯ ನಗರದ ಕಡೆ ರೈತರು ಕಂದಾಯದ ಹೊರೆ ತಾಳದೆ ದಂಗೆಯೆದ್ದರು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಅಧಿಕಾರ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಲಿಲ್ಲ. (ರೈತರ ಕಷ್ಟವನ್ನು ಬಿಟ್ಟು ಅರಸರನ್ನು ಮಾತ್ರ ಹೊಗಳುವುದು ನನಗೆ ಸರಿಕಾಣಲಿಲ್ಲ.)

ಆದರೆ ಆಟದ ಮಣೆಯನ್ನು ಅವರು ಬಿಡಲಿಲ್ಲ. ಶ್ರೀತತ್ತ್ವನಿಧಿಯ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಕುದುರೆ ಯಾವ ಮನೆಯನ್ನೂ ಎರಡು ಸಲ ತುಳಿಯದೆ 64 ಮನೆಗಳನ್ನೂ ಸುತ್ತುವ ದಾರಿಗಳನ್ನು ಅವರು ಹೆಣೆದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಚಿತ್ರಗಳು ಇಂದಿಗೂ ಇವೆ.

ಕಥೆ ಉದ್ದವಾಯಿತು, ಒಂದೇ ಆಟಕ್ಕೆ ಸಮಯ ಸಿಕ್ಕಿತು. ಹಣ್ಣಾಗುವ ಹೊತ್ತಿಗೆ ಕಾಯಿ ಕಡಿಸಿಕೊಂಡ ಹುಡುಗಿಯೊಬ್ಬಳು, ರಾಜ್ಯ ಹೋದಾಗ ಆ ರಾಜರೂ ಅತ್ತರೇ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳೇ ಕಣ್ಣೊರೆಸಿಕೊಂಡು ಕವಡೆಗೆ ಕೈ ಚಾಚಿದಳು.