ಉತ್ತಂಗಿ ಚನ್ನಪ್ಪ

ರೆವರೆಂಡ್ ಉತ್ತಂಗಿ ಚನ್ನಪ್ಪ (ಅಕ್ಟೋಬರ್ 28, 1881 – ಆಗಸ್ಟ್ 28, 1962) ಕ್ರೈಸ್ತ ಪಾದ್ರಿ, ಸಂಶೋಧಕ ಹಾಗೂ ವಚನ ಸಾಹಿತ್ಯದ ವಿದ್ವಾಂಸರು. ಸರ್ವಜ್ಞನ ತ್ರಿಪದಿಗಳ ಸಂಪಾದನೆಯಿಂದ ಹೆಸರಾದ ಇವರು 'ತಿರುಳ್ಗನ್ನಡದ ತಿರುಕ' ಎಂದು ಪ್ರಸಿದ್ಧರು.

ಜನನ ಮತ್ತು ಶಿಕ್ಷಣ

ಚನ್ನಪ್ಪನವರು ಧಾರವಾಡದಲ್ಲಿ ಜನಿಸಿದರು. ಅವರ ಪೂರ್ವಿಕರು ಹಡಗಲಿ ಸೀಮೆಯ ಉತ್ತಂಗಿ ಗ್ರಾಮದ ಲಿಂಗಾಯತರು. ಅನಂತರ ಮನೆತನವು ಕ್ರೈಸ್ತ ಮತವನ್ನು ಸ್ವೀಕರಿಸಿತು. ಮಂಗಳೂರಿನ ಬಾಸೆಲ್ ಮಿಶನ್ನಿನ ದೇವಜ್ಞಾನ ಶಾಲೆಯಲ್ಲಿ ಶಿಕ್ಷಣ ಪಡೆದು ಸಭಾಸೇವೆಗೆ ಸೇರಿದರು.

ಧಾರ್ಮಿಕ ಚಿಂತನೆ

1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಬಾಸೆಲ್ ಮಿಶನ್, ಜರ್ಮನಿಯ ಪಯಟಿಸ್ಟ್ ಪರಂಪರೆಗೆ ಸೇರಿದುದು. ವ್ಯಕ್ತಿಯ ಪಶ್ಚಾತ್ತಾಪ, ಏಕಾಂತ ಪ್ರಾರ್ಥನೆ ಮತ್ತು ಬೈಬಲ್ ಪಠಣಕ್ಕೆ ಅದು ಮಹತ್ವ ಕೊಟ್ಟಿತು. ಜೊತೆಗೆ ಸಭೆಯ ಸಾಮೂಹಿಕ ಆರಾಧನೆ ಮತ್ತು ಶಿಸ್ತನ್ನೂ ವಿಧಿಸಿತು. ಭಾರತದಲ್ಲಿ ಈ ಸಭೆಯನ್ನು ಸೇರುವುದೆಂದರೆ ಅನೇಕರಿಗೆ ತಮ್ಮ ಕುಲಬಾಂಧವರನ್ನು ತೊರೆಯುವುದೇ ಆಗಿತ್ತು. ಹೀಗಾಗಿ ಅಂತರಂಗದ ಭಕ್ತಿಗೂ ಸಮುದಾಯಕ್ಕೂ ಇರುವ ಸಂಬಂಧ ಆ ಕಾಲದ ಭಾರತೀಯ ಕ್ರೈಸ್ತರ ಮುಖ್ಯ ಪ್ರಶ್ನೆಯಾಯಿತು. ಮಹಾರಾಷ್ಟ್ರದಲ್ಲಿ ಕವಿ ನಾರಾಯಣ ವಾಮನ ಟಿಳಕರು 1917ರಲ್ಲಿ ದೀಕ್ಷಾಸ್ನಾನ ಪಡೆದವರನ್ನೂ ಪಡೆಯದವರನ್ನೂ ಕೂಡಿಸುವ 'ದೇವರ ದರ್ಬಾರ'ವನ್ನು ಸ್ಥಾಪಿಸಿದರು. ಚನ್ನಪ್ಪನವರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಕೃತಿಯ ಮೂಲಕ ಹಿಂದೂ ವಾಚಕರೊಡನೆ ಸಂವಾದಕ್ಕೆ ತೊಡಗಿದರು.

ವಚನ ಸಂಶೋಧನೆ

ಹಸ್ತಪ್ರತಿಗಳನ್ನೂ ಜನರ ಬಾಯಲ್ಲಿದ್ದ ಪದ್ಯಗಳನ್ನೂ ಕಲೆಹಾಕಿ 1924ರಲ್ಲಿ 'ಸರ್ವಜ್ಞನ ವಚನಗಳು' ಪ್ರಕಟಿಸಿದರು. ಇದರಲ್ಲಿ ಸುಮಾರು 2000 ತ್ರಿಪದಿಗಳಿವೆ. ಮುಂದೆ ಅವರ ಗಮನ ಶರಣರತ್ತ ಹೊರಳಿತು. ಶರಣಧರ್ಮದಲ್ಲಿ ಅಂಗೈಯ ಇಷ್ಟಲಿಂಗದ ಪೂಜೆ ಏಕಾಂತದ್ದಾದರೆ, ಅನುಭವ ಮಂಟಪವು ಭಕ್ತರು ಒಂದೆಡೆ ಕುಳಿತು ಅನುಭಾವವನ್ನು ಹಂಚಿಕೊಂಡು ಪರೀಕ್ಷಿಸಿದ ಗೋಷ್ಠಿ. ಅಂತಹ ಮಂಟಪವು ನಿಜವಾಗಿಯೂ ಇತ್ತೇ ಎಂಬ ಸಂದೇಹವನ್ನು ಕೆಲವರು ಎತ್ತಿದಾಗ, ಚನ್ನಪ್ಪನವರು 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಗ್ರಂಥದಲ್ಲಿ ಅದರ ಅಸ್ತಿತ್ವವನ್ನು ಸಮರ್ಥಿಸಿದರು. ಸಿದ್ಧರಾಮ, ಮೋಳಿಗೆ ಮಾರಯ್ಯ ಮೊದಲಾದ ಶರಣರ ಸಾಹಿತ್ಯವನ್ನೂ ಸಂಪಾದಿಸಿದರು. ಇಷ್ಟಾದರೂ ಅವರು ಕೊನೆಯವರೆಗೆ ಕ್ರೈಸ್ತರಾಗಿಯೇ ಉಳಿದರು.

ಗೌರವ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೇಂದ್ರ ಕಚೇರಿಯಿರುವ ಕನ್ನಡ ಸಾಹಿತ್ಯ ಪರಿಷತ್ತು 1949ರಲ್ಲಿ ಕಲಬುರಗಿಯಲ್ಲಿ ನಡೆಸಿದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಚನ್ನಪ್ಪನವರು ಅಧ್ಯಕ್ಷರಾಗಿದ್ದರು.