ವ್ಯಾಕುಲ ಮಾತೆಗೆ ದನಿಯಾದ ತರುಣ



ಶಿಲುಬೆಯ ಬುಡದಲ್ಲಿ ನಿಂತ ಮಾತೆ ಮರಿಯಮ್ಮನವರನ್ನು ತಪಸ್ಸುಕಾಲದ ಶಿಲುಬೆಹಾದಿಯಲ್ಲಿ ನೀವು ನೆನೆಯುತ್ತೀರಿ. ಆ ತಾಯಿಯ ವ್ಯಾಕುಲವನ್ನು ಹಾಡುವ ‘ಸ್ತಾಬಾತ್ ಮಾತೆರ್’ ಎಂಬ ಲತೀನ್ ಗೀತೆ ಮಧ್ಯಯುಗದಿಂದಲೂ ಧರ್ಮಸಭೆಯಲ್ಲಿದೆ. ಅದಕ್ಕೆ ಸಾವಿನ ಹೊಸ್ತಿಲಲ್ಲಿದ್ದಾಗ ಸಂಗೀತ ರಚಿಸಿದ ತರುಣನೊಬ್ಬನ ಬಾಳನ್ನು ನೀವು ತಿಳಿಯಬೇಕು.

ಜಿಯೊವಾನ್ನಿ ಬತ್ತಿಸ್ತಾ ಪೆರ್ಗೊಲೇಸಿ ಇಟಲಿಯ ಯೇಸಿ ಎಂಬ ಊರಿನಲ್ಲಿ 1710ರ ಜನವರಿ 4ರಂದು ಹುಟ್ಟಿದ. ಒಡಹುಟ್ಟಿದವರು ಎಳವೆಯಲ್ಲೇ ತೀರಿಕೊಂಡಿದ್ದರು. ಇವನೂ ರೋಗಿಷ್ಠ ಮಗು. ಆದರೂ ಅವನ ಸಂಗೀತ ಪ್ರತಿಭೆಯನ್ನು ಕಂಡವರು ನೇಪಲ್ಸ್ ನಗರದ ‘ಯೇಸುಕ್ರಿಸ್ತರ ಬಡವರು’ ಎಂಬ ಹೆಸರಿನ ಸಂಗೀತ ಶಾಲೆಗೆ ಕಳುಹಿಸಿದರು. ಅದು ಅನಾಥ ಬಾಲಕರ ಆಶ್ರಯವಾಗಿ ಆರಂಭವಾದ ಶಾಲೆ. ಮಗ ಅಲ್ಲಿ ಕಲಿಯುತ್ತಿದ್ದಾಗಲೇ, 1727ರಲ್ಲಿ, ತಾಯಿ ತೀರಿಕೊಂಡಳು. 1732ರಲ್ಲಿ ತಂದೆಯೂ ಹೋದ.

1733ರಲ್ಲಿ ‘ಲಾ ಸೇರ್ವಾ ಪದ್ರೋನಾ’ ಎಂಬ ಕಿರು ಹಾಸ್ಯ ಗೀತನಾಟಕ ಬರೆದ. ಯಜಮಾನನನ್ನು ಜಾಣತನದಿಂದ ಮದುವೆಯಾಗುವ ಸೇವಕಿಯ ಕಥೆ ಅದು. ಮುಂದೆ ಯೂರೋಪೆಲ್ಲ ಅದಕ್ಕೆ ನಕ್ಕಿತು. ಆದರೆ 1735ರಲ್ಲಿ ರೋಮಿನಲ್ಲಿ ಆಡಿದ ಗಂಭೀರ ನಾಟಕ ‘ಲೋಲಿಂಪಿಯಾದೆ’ ಜನರಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಕ್ಷಯರೋಗವೂ ಬಲವಾಗುತ್ತಿತ್ತು. ನೇಪಲ್ಸಿನ ಸಮೀಪದ ಪೊತ್ಸುವೋಲಿಯಲ್ಲಿ ಫ್ರಾನ್ಸಿಸ್ಕನ್ ಮಠವೊಂದು ಅವನಿಗೆ ಆಶ್ರಯವಿತ್ತಿತು.

ನೇಪಲ್ಸಿನಲ್ಲಿ ವ್ಯಾಕುಲ ಮಾತೆಯ ಭಕ್ತರ ಸಂಘವೊಂದಿತ್ತು. ಅವರು ತಪಸ್ಸುಕಾಲದಲ್ಲಿ ಹಾಡಿಸುತ್ತಿದ್ದ ಅಲೆಸ್ಸಾಂದ್ರೊ ಸ್ಕಾರ್ಲಾತ್ತಿಯ ಸಂಗೀತ ಹಳೆಯದಾಗಿತ್ತು. ಅದರ ಬದಲಿಗೆ ಹೊಸತನ್ನು ಪೆರ್ಗೊಲೇಸಿ ರಚಿಸಿದ. ಎರಡೇ ಕಂಠಗಳು, ಜೊತೆಗೆ ಪಿಟೀಲು ವರ್ಗದ ತಂತಿವಾದ್ಯಗಳು ಮತ್ತು ಆರ್ಗನ್; ಒಟ್ಟು 12 ಭಾಗಗಳು. ಮೊದಲ ಭಾಗದಲ್ಲಿ ಒಂದು ಕಂಠ ಸ್ವರವನ್ನು ಹಿಡಿದು ನಿಲ್ಲುತ್ತದೆ. ಇನ್ನೊಂದು ಅದಕ್ಕೆ ತಾಗಿದಂತೆ ಮೇಲೇರುತ್ತದೆ. ಆ ತಾಗುವಿಕೆಯೇ ಕೇಳುವವರಿಗೆ ನೋವಾಗುತ್ತದೆ. ಸ್ವರ ಕೆಳಗಿಳಿದಾಗ ಮನಸ್ಸು ಹಗುರಾಗುತ್ತದೆ. ಕೆಳಗೆ ಮಂದ್ರವಾದ್ಯ ಮಾತ್ರ ನಿಲ್ಲದೆ ಹೆಜ್ಜೆ ಹಾಕುತ್ತಿರುತ್ತದೆ.

1736ರ ಮಾರ್ಚ್ 16ರಂದು, 26ನೆಯ ವಯಸ್ಸಿನಲ್ಲಿ, ಪೆರ್ಗೊಲೇಸಿ ಕಣ್ಮುಚ್ಚಿದ.

ನಾಟಕದ ಹಾಡಿನ ಧಾಟಿ ಇಂಥ ಪವಿತ್ರ ಗೀತೆಗೆ ತಕ್ಕುದಲ್ಲವೆಂದು ಸಂಗೀತ ವಿದ್ವಾಂಸರಾದ ಫಾದರ್ ಮಾರ್ತಿನಿ ಮುಂದೆ ಆಕ್ಷೇಪಿಸಿದರು. ಆದರೆ ನೀವೇ ಯೋಚಿಸಿ: ಮಗನನ್ನು ಕಳೆದುಕೊಂಡ ತಾಯಿ ಅಳುವುದು ಮನೆಯ ಭಾಷೆಯಲ್ಲೇ ಅಲ್ಲವೆ? ಲೂಥರನ್ ಸಭೆಯ ಮಹಾ ಸಂಗೀತಗಾರ ಬಾಖ್ 1740ರ ದಶಕದಲ್ಲಿ ಇದೇ ಸಂಗೀತಕ್ಕೆ 51ನೆಯ ಕೀರ್ತನೆಯ ಜರ್ಮನ್ ರೂಪವನ್ನು ಹೊಂದಿಸಿದರು. ತಾಯಿಯ ಕಣ್ಣೀರು ಪಶ್ಚಾತ್ತಾಪದ ಕಣ್ಣೀರಾಯಿತು. ಒಡೆದ ಸಭೆಗಳ ನಡುವೆ ಸೇತುವೆಯೂ ಆಯಿತು.

ನಿಮ್ಮ ಮನೆಯಲ್ಲೂ ಅಕಾಲದಲ್ಲಿ ಆರಿದ ದೀಪವೊಂದಿರಬಹುದು. ಏಕೆ ಹೀಗಾಯಿತೆಂಬ ಪ್ರಶ್ನೆಗೆ ಈ ಸಂಗೀತ ಉತ್ತರ ಕೊಡುವುದಿಲ್ಲ. ಶಿಲುಬೆಯ ಬುಡದಲ್ಲಿ ಮರಿಯಮ್ಮನವರೂ ಉತ್ತರ ಕೇಳಲಿಲ್ಲ, ನಿಂತರು. ನೊಂದವರ ಬಳಿ ನಾವು ಮಾಡಬಹುದಾದುದೂ ಅದೇ: ಬುದ್ಧಿಮಾತು ಬದಿಗಿಟ್ಟು ಜೊತೆಗೆ ನಿಲ್ಲುವುದು. ಈ ವಾರ ಅಂಥ ಒಂದು ಮನೆಗೆ ಹೋಗಿಬನ್ನಿ.